ನನ್ನ ಮೈದುನನ ಐರಿಶ್ ಕುರ್ಚಿ

ಕುರ್ಚಿಯ ಹುಚ್ಚು ರಾಜಕಾರಣಿಗಳಿಗೆ ಮಾತ್ರ ಇರುತ್ತದೆ ಎಂದು ತಿಳಿದವರು ನನ್ನ ಮೈದುನನನ್ನು ನೋಡಿಲ್ಲ. ಅವನೂ ಕುರ್ಚಿ ಕಳೆದುಕೊಂಡವನೇ. ಈ ವರ್ಷವೆಲ್ಲ ಅದರ ಕೊರಗಿನಲ್ಲೇ ಕರಗಿದ. ಅದೇನು ಮಂತ್ರಿಯ ಕುರ್ಚಿಯೇ? ಮಠದ ಪೀಠವೇ? ಅಲ್ಲ! ಸ್ಟುಟ್‌ಗಾರ್ಟಿನ ಒಂದು ಐರಿಶ್ ಪಬ್ಬಿನ ಮೂಲೆಯಲ್ಲಿರುವ ಕಟ್ಟಿಗೆಯ ಕುರ್ಚಿ. ಬೆನ್ನಿಗೆ ಒತ್ತುತ್ತದೆ, ಕೂತರೆ ಕಿರ್ರೆನ್ನುತ್ತದೆ. ಅಂಥದ್ದನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ನಾನು ಒಲೆಗೆ ಹಾಕುತ್ತೇನೆ. ಇವನು ಅದಕ್ಕಾಗಿ ಊಟ ಬಿಟ್ಟ!

ಮೈದುನ ಎಂದರೆ ನನ್ನ ಗಂಡನ ತಮ್ಮ. ನಾನು ಮದುವೆಯಾಗಿ ಬಾಗಲಕೋಟೆಗೆ ಬಂದಾಗ ಮೂಗು ಸೋರಿಸಿಕೊಂಡು ಓಡಾಡುವ ಹುಡುಗ. ಈಗ ತಲೆ ಬೋಳಾಗಿದೆ, ಹಲ್ಲು ಅರ್ಧ ಹೋಗಿವೆ, ಮೂಗು ಮಾತ್ರ ಈ ಊರಿನ ಥಂಡಿಗೆ ಹಾಗೆಯೇ ಸೋರುತ್ತದೆ. ಹರೆಯದಲ್ಲೇ ಈ ಜರ್ಮನಿ ದೇಶಕ್ಕೆ ಬಂದು, ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ದುಡಿದು, ಪಿಂಚಣಿ ತೆಗೆದುಕೊಂಡವನು. ಮಕ್ಕಳಿಲ್ಲ. ಅವನ ಹೆಂಡತಿ, ಎಂದರೆ ನನ್ನ ನೆಗೆಣ್ಣಿ, ತೀರಿಕೊಂಡ ಮೇಲೆ ಬ್ರೆಡ್ಡಿಗೆ ಜಾಮ್ ಸವರಿಕೊಂಡು ಬದುಕುತ್ತಿದ್ದ. ಗಂಡನನ್ನು ಕಳೆದುಕೊಂಡ ನಾನು ಆಗ ಹತ್ತಿರದ ರೆನ್ನಿಂಗೆನ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಮಗಳು ಅಳಿಯ ಇಬ್ಬರೂ ಬೆಳಗಾದರೆ ಅಲ್ಲಿನ ದೊಡ್ಡ ಕಂಪನಿಯ ಸಂಶೋಧನಾ ಕೇಂದ್ರಕ್ಕೆ ಹೋಗಿಬಿಡುತ್ತಾರೆ. ಮನೆ ಎಷ್ಟು ಚೊಕ್ಕವೆಂದರೆ ಕೂರಲು ಹೆದರಿಕೆ! ಗೋಡೆ ನೋಡಿ ನೋಡಿ ಸಾಕಾಗಿ, ಗಂಟು ಕಟ್ಟಿಕೊಂಡು, ಎಸ್-ಬಾನ್ ರೈಲು ಹತ್ತಿ ಮೈದುನನ ಮನೆಗೆ ಬಂದುಬಿಟ್ಟೆ. ಅಡುಗೆಮನೆ ನನ್ನದು, ಉಳಿದ ಮನೆ ಐರ್ಲೆಂಡಿನದು ಎಂದು ಇಬ್ಬರಲ್ಲಿ ಕರಾರಾಯಿತು.

ಈ ಐರ್ಲೆಂಡಿನ ರೋಗ ಅವನಿಗೆ ಹತ್ತಿದ್ದು ಮಳೆಯಿಂದ. ಮದುವೆಯಾದ ಹೊಸತು. ಕೆಲಸ ಮುಗಿಸಿ ಬರುವಾಗ ಮಳೆ ಹಿಡಿದುಕೊಂಡಿತಂತೆ, ಕೊಡೆ ಇರಲಿಲ್ಲವಂತೆ, ಎದುರಿಗೆ ಕಂಡ ಬಾಗಿಲು ನೂಕಿ ಒಳಗೆ ಹೋದನಂತೆ. ಒಳಗೆ ನಾಲ್ಕಾರು ಮಂದಿ ದುಂಡಗೆ ಕೂತು ಪಿಟೀಲು, ಕೊಳಲು ನುಡಿಸುತ್ತಿದ್ದರು. ವೇದಿಕೆಯಿಲ್ಲ, ಮೈಕಿಲ್ಲ, ಮುಂದೆ ಕಾಗದವಿಲ್ಲ. ಕೇಳುವವರ ಕಡೆಗೆ ಬೆನ್ನು! ತಮಗೆ ತಾವೇ ನುಡಿಸಿಕೊಳ್ಳುತ್ತಾರೆ, ಯಾರೂ ಚಪ್ಪಾಳೆ ತಟ್ಟಬೇಕಿಲ್ಲ. ಒಂದು ಮಟ್ಟನ್ನು ಮೂರು ಸಲ ತಿರುವಿ ನುಡಿಸಿ, ಉಸಿರು ಬಿಡದೆ ಇನ್ನೊಂದಕ್ಕೆ ಹೊರಳುತ್ತಾರೆ. ಬೇರೆಯವರಾದರೆ ಮಳೆ ನಿಂತ ಮೇಲೆ ಎದ್ದು ಮನೆಗೆ ಹೋಗುತ್ತಾರೆ. ಇವನು ಏಳಲಿಲ್ಲ. ನನ್ನನ್ನು ಕೇಳಿದರೆ ಇನ್ನೂ ಎದ್ದಿಲ್ಲ.

ನನ್ನ ನೆಗೆಣ್ಣಿ ಆಗಾಗ ಫೋನಿನಲ್ಲಿ ಗೋಳಾಡುತ್ತಿದ್ದಳು. "ಯಕ್ಕಾ, ಮಂದಿ ಗಂಡಂದಿರು ಹೆಂಗಸರ ಹಿಂದ ಹೋಗತಾರ. ಹೋಗಿ ಜುಟ್ಟಾ ಹಿಡದು ಬಡದು ಬರಬಹುದು. ಇಂವ ಒಂದ ದ್ವೀಪದ ಹಿಂದ ಹೋಗ್ಯಾನ. ಏನ ಹಿಡದು ಬಡೀಲಿ?"

ಪಿಟೀಲು ಕಲಿತ. ಕಿವಿಯಿಂದಲೇ ಕಲಿತ, ಅದೇ ಅವರ ಪದ್ಧತಿಯಂತೆ. ಗುರುವಾರ ಬಂತೆಂದರೆ ಸಂಜೆಗೆ ಪಬ್ಬು. ಹೆಂಡದಂಗಡಿಯಲ್ಲಿ ಅರ್ಧ ಆಯುಷ್ಯ ಕೂತವನು ಒಂದು ಹನಿ ಕುಡಿದವನಲ್ಲ. ಕೊರಳಲ್ಲಿ ಲಿಂಗವಿದೆ ಎನ್ನುತ್ತಾನೆ. ಹಾಗಾದರೆ ಏನು ಕುಡಿಯುತ್ತಾನೆ? ಕ್ಯಾಮೊಮೈಲ್ ಚಹಾ! ಈ ದೇಶದಲ್ಲಿ ಅದನ್ನು ಹೊಟ್ಟೆ ಕೆಟ್ಟವರಿಗೆ ಕೊಡುತ್ತಾರೆ. ಪಬ್ಬಿನಲ್ಲಿ ಕೆಲಸಕ್ಕೆ ಹೊಸದಾಗಿ ಬಂದ ಪ್ರತಿ ಹುಡುಗಿಯೂ "ಪಾಪ, ಹೊಟ್ಟೆ ನೋವೇ?" ಎಂದು ಕೇಳುತ್ತಾಳೆ. ಇವನು ಹೌದು ಎನ್ನುತ್ತಾನೆ. ಲಿಂಗದ ವಿಷಯ ಜರ್ಮನ್ನಿನಲ್ಲಿ ವಿವರಿಸುವುದಕ್ಕಿಂತ ಹೊಟ್ಟೆನೋವು ಸಸ್ತಾ ಅಂತೆ.

ಪಿಟೀಲಿಗೇ ನಿಂತಿದ್ದರೆ ಚಿಂತೆಯಿರಲಿಲ್ಲ. ಕುಣಿತವನ್ನೂ ಕಲಿತ. ನಾನು ಹೊಸದಾಗಿ ಇವನ ಮನೆಗೆ ಬಂದಾಗ ಒಂದು ಶಾಲೆಯ ವ್ಯಾಯಾಮದ ಹಾಲಿಗೆ ಕರೆದುಕೊಂಡು ಹೋದ. ದೊಡ್ಡ ದೊಡ್ಡ ಜರ್ಮನ್ ಹೆಂಗಸರು, ಗಂಡಸರು, ಅವರ ನಡುವೆ ನಮ್ಮವನು. ಎಲ್ಲರೂ ಪೊಲೀಸರು ಹಿಡಿದು ನಿಲ್ಲಿಸಿದವರ ಹಾಗೆ ಎರಡೂ ಕೈ ಬಿಗಿಯಾಗಿ ಕೆಳಗೆ ಬಿಟ್ಟಿದ್ದಾರೆ. ಮುಖದಲ್ಲಿ ನಗುವಿಲ್ಲ. ಕಾಲು ಮಾತ್ರ ನೆಲವನ್ನು ಬಡಿಯುತ್ತಿವೆ, ಜಿಗಿಯುತ್ತಿವೆ, ಒಂದರ ಮುಂದೊಂದು ಹೆಣೆಯುತ್ತಿವೆ.

"ಕೈಗೇನ ಆಗೈತಿ ಇವರಿಗೆ?" ಎಂದೆ.

"ಕೈ ಅಳ್ಳಾಡಸಬಾರದು ವೈನಿ. ಅದ ಶಿಸ್ತು."

"ಮ್ಯಾಲ ಹೆಣ, ಕೆಳಗ ಕುದರಿ. ಇದೆಂಥಾ ಕುಣಿತೋ ಮಾರಾಯಾ?"

"ಹಂಗ ಮ್ಯಾಲ ಅಳ್ಳಾಡದಂಗ ನಿಲ್ಲೂದು ಕಲಿಯಾಕ ನನಗ ಎಷ್ಟೋ ವರ್ಷ ಬೇಕಾತು."

"ಹೆಣ ಆಗಾಕ ಅಷ್ಟ್ಯಾಕ ಒದ್ದಾಡಬೇಕು? ಸುಮ್ಮನ ಕಾದಿದ್ರ ತಾನ ಆಗತಿದ್ದಿ."

ನಕ್ಕ. ನಮ್ಮಿಬ್ಬರ ಮಾತು ಯಾವಾಗಲೂ ಹೀಗೆಯೇ. ಅಣ್ಣನ ಹೆಂಡತಿ ಬೈಯುವುದು, ಮೈದುನ ನಗುವುದು. ಅವನು ನಗದ ದಿನ ನನಗೆ ಊಟ ಸೇರುವುದಿಲ್ಲ.

ಈ ಸೀಮೆಯಲ್ಲಿ ಕೇರ್‌ವೋಹೆ ಎಂಬ ಒಂದು ವ್ರತವಿದೆ. ಕಟ್ಟಡದ ಒಂದೊಂದು ಮನೆಯವರೂ ಸರದಿಯ ಮೇಲೆ ಒಂದು ವಾರ ಮೆಟ್ಟಿಲು ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಹಲಗೆ ತೂಗುಹಾಕುತ್ತಾರೆ, ನಮ್ಮಲ್ಲಿ ಮೈಲಿಗೆಯ ಮನೆಗೆ ಗುರುತು ಹಾಕಿದ ಹಾಗೆ. ನಮ್ಮ ಸರದಿ ಬಂದಾಗ ಮೈದುನ ಕುಣಿತದ ಗಟ್ಟಿ ಬೂಟು ಹಾಕಿಕೊಂಡು ಕಸಬರಿಗೆ ಹಿಡಿದ. ಗುಡಿಸುತ್ತ ಗುಡಿಸುತ್ತ ಟಕಟಕ ಟಕಟಕ! ಕೆಳಗಿನ ಮನೆಯ ಅಜ್ಜಿ, ನನಗಿಂತಲೂ ಹಿರಿಯಳು, ಒಂಟಿ ಜೀವ, ಮಾಲೀಕನಿಗೆ ದೂರು ಕೊಟ್ಟಳು. ಮೆಟ್ಟಿಲು ಸ್ವಚ್ಛವಾಗಿದೆ, ಆದರೆ ಸ್ವಚ್ಛ ಮಾಡುವ ರೀತಿ ಮನೆಯ ನಿಯಮಕ್ಕೆ ವಿರುದ್ಧ ಎಂದು! ಮಾಲೀಕ ಬಂದು ಮೂಲೆಮೂಲೆಗೆ ಬೆರಳಾಡಿಸಿ ನೋಡಿದ. ಒಂದು ಕಣ ಧೂಳು ಸಿಗಲಿಲ್ಲ. ಸಪ್ಪಳ ಯಾಕೆ ಎಂದು ಕೇಳಿದ್ದಕ್ಕೆ ನಮ್ಮವನು, "ಎಲ್ಲರೂ ಮೆಟ್ಟಿಲು ಹತ್ತುವಾಗ ಸಪ್ಪಳವಾಗುತ್ತದಲ್ಲ? ನಾನು ಒಂದೇ ಮೆಟ್ಟಿಲನ್ನು ಮತ್ತೆ ಮತ್ತೆ ಹತ್ತುತ್ತೇನೆ, ಅಷ್ಟೇ" ಎಂದನಂತೆ. ಇದನ್ನು ಮೇಲೆ ಬಂದು ನನಗೆ ಹೇಳುವಾಗ ಯುದ್ಧ ಗೆದ್ದವನ ಠೀವಿ. ಮರುದಿನದಿಂದ ಕಾಲುಚೀಲದಲ್ಲಿ ಗುಡಿಸಿದ.

ಪ್ರತಿ ಬೇಸಿಗೆಗೆ ಐರ್ಲೆಂಡಿಗೆ ಹೋಗುತ್ತಿದ್ದ. ಜನ ಪರದೇಶಕ್ಕೆ ಹೋದರೆ ಸೀರೆ, ಸೆಂಟು, ಚಾಕ್ಲೇಟು ತರುತ್ತಾರೆ. ಇವನು ಒಂದು ಮಟ್ಟು ತರುತ್ತಿದ್ದ. ವಿಮಾನದ ಖರ್ಚು ಮಾಡಿ, ಮಳೆಯಲ್ಲಿ ತೊಯ್ದು, ಒಂದೇ ಒಂದು ಮಟ್ಟು! ಬಂದವನೇ ಅದರ ವಂಶಾವಳಿ ಒಪ್ಪಿಸುತ್ತಿದ್ದ. ಇದು ಇಂಥ ಹಳ್ಳಿಯ ಕುರುಡನೊಬ್ಬನದು, ಅವನಿಂದ ಅವನ ಮಗಳಿಗೆ ಬಂತು, ಮಗಳಿಂದ ಊರಿನ ಟಪಾಲಿನವನಿಗೆ, ಟಪಾಲಿನವನಿಂದ ನನಗೆ.

"ನಿಮ್ಮ ಮುತ್ತ್ಯಾನ ಅಪ್ಪನ ಹೆಸರ ಹೇಳು" ಎಂದೆ ನಾನು ಒಮ್ಮೆ.

"ನಿನಗ ಗೊತ್ತೈತೇನು ವೈನಿ?"

"ನನಗ್ಯಾಕ ಗೊತ್ತಿರಬೇಕು? ನಾ ಸೊಸಿ. ನಿಮ್ಮ ಮುತ್ತ್ಯಾ ಟಪಾಲ್ ಹಂಚತಿದ್ರ ನಿನಗ ಗೊತ್ತಿರತಿತ್ತು, ಹೌದಿಲ್ಲೋ?"

ಇನ್ನೊಂದು ಬೇಸಿಗೆಯಲ್ಲಿ ದೊಡ್ಡ ಜರಡಿಯಂಥದ್ದೊಂದನ್ನು ಬಗಲಲ್ಲಿ ಹಿಡಿದುಕೊಂಡು ಬಂದ. ಕಟ್ಟಿಗೆಯ ಬಳೆಗೆ ತೊಗಲು ಬಿಗಿದದ್ದು. ನಮ್ಮ ಕಡೆ ಹೋಳಿ ಹುಣ್ಣಿಮೆಗೆ ಹಲಗೆ ಬಾರಿಸುವುದಿಲ್ಲವೇ, ಅದರ ಐರಿಶ್ ತಮ್ಮ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಯಾತರ ತೊಗಲು?"

ಅದನ್ನು ಬೆನ್ನ ಹಿಂದೆ ಸರಿಸಿದ. "ಆಡಿಂದು."

"ಹೊರಗ."

"ಸತ್ತ ಆಡಿಂದು ವೈನಿ!"

"ಜೀವಂತ ಇದ್ದಿದ್ರ ಒಳಗ ಬಿಡತಿದ್ದೆ."

ನಮ್ಮದು ಲಿಂಗಾಯತರ ಮನೆ. ನಾನು ಬಂದ ಮೇಲೆ ಆ ಹೊಸ್ತಿಲನ್ನು ಒಂದು ಮೊಟ್ಟೆಯೂ ದಾಟಿಲ್ಲ. ತೊಗಲು, ಎಲುಬು, ಮಾಂಸ, ಏನಿದ್ದರೂ ಬಾಗಿಲಾಚೆ. ಹಲಗೆ ನೆಲಮಾಳಿಗೆಯ ಕೋಣೆಗೆ ಹೋಯಿತು. ಆಲೂಗಡ್ಡೆಯ ಚೀಲ, ಹಳೆಯ ಸೈಕಲ್ಲುಗಳ ನಡುವೆ ಸ್ಟೂಲು ಹಾಕಿಕೊಂಡು ಅಲ್ಲಿಯೇ ಬಾರಿಸುತ್ತಿದ್ದ. ಹೆಂಡತಿಯ ಮಾತು ಕೇಳದವನು, ಡಾಕ್ಟರ ಮಾತು ಕೇಳದವನು, ಇದೊಂದು ಮಾತನ್ನು ಮಾತ್ರ ಮೀರಲಿಲ್ಲ. ಯಾಕೆ ಮೀರಲಿಲ್ಲ ಎಂದು ನಾನೂ ಕೇಳಲಿಲ್ಲ.

ಹೆಂಡತಿಯ ಸಾವಿನಲ್ಲೂ ಇವನ ಐರ್ಲೆಂಡು ಬಿಡಲಿಲ್ಲ. ನಮ್ಮಲ್ಲಿ ಹೆಣವನ್ನು ಕೂರಿಸಿ, ಹೂವು ಏರಿಸಿ, ಬೆಳಗಾಗುವ ತನಕ ಭಜನೆ ಮಾಡುತ್ತಾರೆ. ಇಲ್ಲಿ ಹೆಣಕ್ಕೂ ಟೈಮ್‌ಟೇಬಲ್ಲಿದೆ. ಸ್ಮಶಾನದ ಹಾಲಿನಲ್ಲಿ ನಿಮಗೆ ಇಷ್ಟು ಹೊತ್ತು ಎಂದು ಕೊಟ್ಟರೆ ಅಷ್ಟೇ, ಆಮೇಲೆ ಮುಂದಿನ ಹೆಣ. ಮೈದುನ ಎದ್ದು ನಿಂತು ಪಿಟೀಲು ಗದ್ದಕ್ಕೆ ಕೊಟ್ಟ. ದುಃಖದ್ದೇನಾದರೂ ನುಡಿಸುತ್ತಾನೆ ಎಂದುಕೊಂಡೆವು. ಇವನು ಕುಣಿತದ ಮಟ್ಟು ಎತ್ತಿದ! ಮಂದಿ ಹೌಹಾರಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಗೊತ್ತಾಯಿತು. ನೆಗೆಣ್ಣಿ ಜೋಳದ ರೊಟ್ಟಿ ಬಡಿಯುತ್ತಿದ್ದದ್ದೇ ಆ ಮಟ್ಟಿಗೆ. ಇವನು ಹೊರಗೆ ನುಡಿಸುತ್ತಿದ್ದರೆ ಒಳಗೆ ಆಕೆಯ ಕೈ ತಾನಾಗಿ ಅದೇ ತಾಳ ಹಿಡಿಯುತ್ತಿತ್ತು. ರೊಟ್ಟಿ ಮಾತ್ರ ಒಂದೊಂದು ಸಲ ಹರಿಯುತ್ತಿತ್ತು.

ಒಂದು ಸುತ್ತು ಮುಗಿಯಿತು. ಕರಿಕೋಟಿನ ಅಧಿಕಾರಿ ಗಡಿಯಾರ ನೋಡಿದ. ಎರಡನೆಯ ಸುತ್ತು. ನಾನು ಇವನ ತೋಳು ಜಗ್ಗಿದೆ. "ಸಾಕೋ, ಹೊರಗ ಇನ್ನೊಂದ ಬಂದು ನಿಂತೈತಿ."

"ಮೂರ ಸಲ ಆಗಲಿಲ್ಲಂದ್ರ ನಡುವ ಬಿಟ್ಟು ಹೋದಂಗ ಆಗತೈತಿ ವೈನಿ" ಎಂದ, ಪಿಟೀಲಿನಿಂದ ಗದ್ದ ಎತ್ತದೆ. ಮೂರೂ ಮುಗಿಸಿದ. ಅಳಲಿಲ್ಲ. ಹೊರಗಿನ ಹೆಣ ಕಾಯಿತು. ಅವಸರವೇನಿತ್ತು ಅದಕ್ಕೆ? ಕರಿಕೋಟಿನವನ ಮುಖ ಗಂಟಾಗಿತ್ತು, ಆದರೆ ಅವನ ಬೂಟಿನ ತುದಿ ನೆಲ ಕುಟ್ಟುತ್ತಿದ್ದದ್ದನ್ನು ನಾನು ನೋಡಿದೆ.

ಇಷ್ಟೆಲ್ಲ ನಗೆಯ ಮಾತಾಯಿತು. ಈಗ ಕುರ್ಚಿಯ ವಿಷಯ.

ಈ ವರ್ಷ, ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ, ಒಂದು ಬೆಳಿಗ್ಗೆ ಚಹಾದ ಕಪ್ಪು ಅವನ ಎಡಗೈಯಿಂದ ಜಾರಿ ಒಡೆಯಿತು. ನಾನು ಬೈದೆ. ಅವನು ತಿರುಗಿ ಏನೂ ಅನ್ನಲಿಲ್ಲ. ಇನ್ನೊಮ್ಮೆ ಬೈದೆ. ನಗಲೂ ಇಲ್ಲ. ಆಗ ಗೊತ್ತಾಯಿತು ನನಗೆ. ಆಂಬುಲೆನ್ಸ್, ಆಸ್ಪತ್ರೆ, ಆಮೇಲೆ ಊರಾಚೆಯ ಇನ್ನೊಂದು ಆಸ್ಪತ್ರೆಯಲ್ಲಿ ನಡೆಯಲು ಕಲಿಸುವ ಪಾಠ. ಲಕ್ವ. ಮಾತು ತಿರುಗಿ ಬಂತು. ಎಡಗಾಲು ಎಳೆದುಕೊಂಡಾದರೂ ಬಂತು. ಎಡಗೈಯ ಬೆರಳು ಬರಲಿಲ್ಲ. ಕುಣಿತ ಮುಗಿಯಿತು. ಪಿಟೀಲಿನ ತಂತಿಯ ಮೇಲೆ ಓಡಾಡಬೇಕಾದದ್ದು ಎಡಗೈಯ ಬೆರಳುಗಳೇ, ಅದೂ ಮುಗಿಯಿತು. ಹಲಗೆಗೂ ಎರಡು ಕೈ ಬೇಕು. ಡಾಕ್ಟರು, "ಜೀವ ಉಳಿಯಿತಲ್ಲ, ಸಂತೋಷಪಡಿ" ಎಂದರು. ಇವನು ನನ್ನ ಕಡೆ ತಿರುಗಿ, "ಯಾವ ಜೀವ ಅನ್ನಾಕತ್ತಾನ ಇಂವ?" ಎಂದ.

ಆಮೇಲೆ ನಮ್ಮ ಮನೆಯಲ್ಲಿ ಐರ್ಲೆಂಡು ಸತ್ತಿತು. ಪಿಟೀಲಿನ ಪೆಟ್ಟಿಗೆ ಮಂಚದ ಕೆಳಗೆ ಹೋಯಿತು. ರೇಡಿಯೋ ಬಂದ್. ಕಿಟಕಿಯ ಮುಂದೆ ಕೂತು ಎದುರಿನ ಗುಡ್ಡದ ಮನೆಗಳನ್ನು ನೋಡುತ್ತಿದ್ದ. ಈ ಊರಿನ ನವೆಂಬರ್ ಗೊತ್ತಲ್ಲ, ಮಧ್ಯಾಹ್ನವೇ ದೀಪ ಹಚ್ಚಬೇಕು. ದೀಪ ಹಚ್ಚಗೊಡುತ್ತಿರಲಿಲ್ಲ. ಗುರುವಾರ ಬಂದರೆ ಹೊತ್ತು ಮುಳುಗುವ ಮೊದಲೇ ಹಾಸಿಗೆ ಸೇರುತ್ತಿದ್ದ. ಮೊದಲು ಅವನ ಪಿಟೀಲಿಗೆ ಕೆಳಗಿನಿಂದ ಚಾವಣಿ ಬಡಿಯುತ್ತಿದ್ದ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲಲ್ಲಿ ನನ್ನನ್ನು ತಡೆದು, "ಏನು ಸಪ್ಪಳವೇ ಇಲ್ಲ? ಊರಿಗೆ ಹೋದರೇ?" ಎಂದು ಕೇಳಿದಳು. ಸತ್ತವರ ಮನೆಯಲ್ಲಾದರೂ ಅಳುವ ಸಪ್ಪಳವಿರುತ್ತದೆ. ನಮ್ಮಲ್ಲಿ ಅದೂ ಇರಲಿಲ್ಲ.

ಪಬ್ಬಿನ ಗೆಳೆಯರು ಬಿಡಲಿಲ್ಲ. ಅವರಲ್ಲಿ ಕೊಳಲು ನುಡಿಸುವ ಒಬ್ಬ ಜರ್ಮನ್ ಹೆಂಗಸಿದ್ದಾಳೆ. ಒಂಟೆಯಷ್ಟು ಎತ್ತರ, ಹಲ್ಲಿನ ಡಾಕ್ಟರು. ಮತ್ತೆ ಮತ್ತೆ ಬಂದು, ಬಾ, ಸುಮ್ಮನೆ ಕೂತು ಕೇಳು ಎನ್ನುತ್ತಿದ್ದಳು. ಇವನು ಒಪ್ಪಲಿಲ್ಲ. ಆ ದುಂಡಗೆ ಇಟ್ಟ ಕುರ್ಚಿಗಳಿಗೆ ಒಂದು ಕಟ್ಟಳೆಯಿದೆಯಂತೆ. ನುಡಿಸುವವರು ಒಳಗೆ, ನುಡಿಸದವರು ಹೊರಗೆ. ರಾಜನೇ ಬರಲಿ, ಕೈಯಲ್ಲಿ ವಾದ್ಯವಿಲ್ಲದಿದ್ದರೆ ಒಳಗೆ ಕೂರುವಂತಿಲ್ಲ. ಅಷ್ಟು ವರ್ಷ ಒಳಗೆ ಕೂತವನು ಹೊರಗೆ ಕೂತು ಅವರ ಬೆನ್ನು ನೋಡಲೇ? ಸತ್ತರೂ ಇಲ್ಲ!

"ನಿನ್ನ ಕುರ್ಚಿ ಖಾಲಿಯೇ ಇಟ್ಟಿದ್ದೇವೆ" ಎಂದಳು ಆಕೆ. ಮತ್ತೆ ಸ್ವಲ್ಪ ಅಳುಕಿ, "ಆದರೆ ಹೊಸದಾಗಿ ಒಬ್ಬ ಬ್ಯಾಂಜೋದವನು ಬರುತ್ತಿದ್ದಾನೆ. ಅದರ ಮೇಲೆ ಕೋಟು ಇಡುತ್ತಾನೆ" ಎಂದಳು.

ಮೈದುನನ ಮುಖ ಬೂದಿಯಾಯಿತು. ಆಗಬೇಡವೇ? ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವರನ್ನು ಕಂಡಿದ್ದೇವೆ. ಇವತ್ತು ಕೋಟು ಕೂತರೆ ನಾಳೆ ಕೋಟಿನವನು ಕೂರುತ್ತಾನೆ.

ಆಕೆ ಒಂದು ಉಪಾಯ ಹೇಳಿದಳು. ಐರ್ಲೆಂಡಿನಲ್ಲಿ ಎಲುಬು ಬಾರಿಸುತ್ತಾರಂತೆ. ಎತ್ತಿನ ಪಕ್ಕೆಲುಬಿನ ಎರಡು ತುಂಡು, ಒಂದೇ ಕೈಯ ಬೆರಳ ಸಂದಿಯಲ್ಲಿ ಹಿಡಿದು ಮಣಿಕಟ್ಟು ತಿರುವಿದರೆ ಟಕಟಕ ನುಡಿಯುತ್ತದೆ. ನಮ್ಮ ಭಜನೆಯವರು ಚಿಪಳಿ ಬಾರಿಸಿದ ಹಾಗೆ. ಬಲಗೈಯೊಂದಿದ್ದರೆ ಸಾಕು. ನಾನೇ ಒಂದು ಜೋಡಿ ತಂದುಕೊಡುತ್ತೇನೆ ಎಂದಳು.

ಒಂದು ಗಳಿಗೆ ಅವನ ಕಣ್ಣು ಹೊಳೆಯಿತು. ಎಷ್ಟೋ ತಿಂಗಳ ಮೇಲೆ ಆ ಹೊಳಪು ಕಂಡೆ. ಆಮೇಲೆ ಅಡುಗೆಮನೆಯ ಕಡೆ ನೋಡಿದ, ನನ್ನ ಕಡೆ ನೋಡಿದ, ತಲೆ ಬಗ್ಗಿಸಿದ. "ಈ ಮನೆಯಲ್ಲಿ ಅಲ್ಲ" ಎಂದ ಜರ್ಮನ್ನಿನಲ್ಲಿ. ನನಗೆ ಅಷ್ಟು ಜರ್ಮನ್ ಬರುತ್ತದೆ.

ಮುಂದಿನ ಸಲ ಆಕೆ ಕಟ್ಟಿಗೆಯ ತುಂಡು ತಂದಳು. ಅದೂ ಉಂಟಂತೆ. ಇವನು ಎರಡು ಸಲ ಟಕ್ಕೆನ್ನಿಸಿ ಕೆಳಗಿಟ್ಟ. "ಕಟಗಿ. ಹಲ್ಲಿಲ್ಲದ ಮುದುಕ ಮಾತಾಡಿದಂಗ ಕೇಳತೈತಿ" ಎಂದ. ಅರ್ಧ ಹಲ್ಲು ಹೋದವನು, ಹಲ್ಲಿನ ಡಾಕ್ಟರ ಮುಂದೆ ಆಡುವ ಮಾತೇ ಇದು? ಎದ್ದು ಹೋಗಿ ಮಲಗಿಬಿಟ್ಟ. ಆಕೆಯನ್ನು ಕಳಿಸಲು ಮೆಟ್ಟಿಲ ತನಕ ಹೋದ ನಾನು, ಎಲುಬನ್ನು ಹೇಗೆ ಮಾಡುತ್ತಾರೆ ಎಂದು ಕೇಳಿದೆ. ಕುದಿಸಬೇಕು, ಕೆರೆಯಬೇಕು, ಒಣಗಿಸಬೇಕು, ತುದಿ ಉಜ್ಜಬೇಕು ಎಂದಳು. ಹಪ್ಪಳ ಸಂಡಿಗೆ ಮಾಡುವಷ್ಟು ಕಷ್ಟವೇನಲ್ಲ.

ನಮ್ಮ ಬೀದಿಯ ತಿರುವಿನಲ್ಲಿ ಒಂದು ಕಟುಕನ ಅಂಗಡಿಯಿದೆ. ಬಂದ ದಿನದಿಂದ ಅದರ ಮುಂದೆ ಹಾಯುವುದು ಬೇಡವೆಂದು ರಸ್ತೆ ದಾಟಿ ಆಚೆ ಬದಿಯಿಂದ ಹೋಗುತ್ತಿದ್ದೆ. ಮೈದುನನನ್ನು ವ್ಯಾಯಾಮಕ್ಕೆ ಕರೆದೊಯ್ಯುವ ಗಾಡಿ ಹೋದ ಮೇಲೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದೆ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ ಆರತಿ ಎತ್ತಿದ ಕೈ ನನ್ನದು. ಒಳಗೆ ಎತ್ತುಗಳು ಕೊಕ್ಕೆಗೆ ತೂಗುತ್ತಿದ್ದವು. ಬಿಳಿ ಏಪ್ರನ್ನಿನ ಕೆಂಪು ಗಲ್ಲದ ಹೆಂಗಸು ಏನು ಬೇಕೆಂದಳು. ಪಕ್ಕೆಲುಬಿಗೆ ಜರ್ಮನ್ನಿನಲ್ಲಿ ಏನೆನ್ನುತ್ತಾರೋ ನನಗೇನು ಗೊತ್ತು? ಕೋಟು ಸರಿಸಿ ನನ್ನ ಪಕ್ಕೆಯನ್ನೇ ತೋರಿಸಿದೆ. ಆಕೆ ಗಾಬರಿಯಾಗಿ ಡಾಕ್ಟರನ್ನು ಕರೆಯಲೇ ಎಂದಳು! ಆಮೇಲೆ ತೂಗುತ್ತಿದ್ದದ್ದರ ಪಕ್ಕೆ ತೋರಿಸಿದೆ.

"ಆಹಾ, ಸೂಪಿಗೋ?"

"ಅಲ್ಲ. ಸಂಗೀತಕ್ಕೆ."

ಆಕೆ ನನ್ನನ್ನು ನೋಡಿದ ನೋಟ ಹೇಳುತ್ತೇನೆ ಕೇಳಿ, ಅದು ನಾನು ಮೈದುನನನ್ನು ಇಷ್ಟು ವರ್ಷ ನೋಡಿದ ನೋಟವೇ.

ಮಾಂಸ ಬೇಡ, ಬರೀ ಎಲುಬು ಎಂದೆ. ಗರಗಸದಿಂದ ತುಂಡು ಮಾಡಿ, ಕಾಗದದಲ್ಲಿ ಸುತ್ತಿ ಕೊಟ್ಟಳು. ಮನೆಗೆ ಬಂದು ಬಸವಣ್ಣನಿರುವ ದೇವರ ಜಗಲಿಗೆ ಟವೆಲ್ ಹೊದಿಸಿದೆ. ನನ್ನ ದೊಡ್ಡ ಬೋಗುಣಿಯಲ್ಲಿ ಸೋಡಾ ಹಾಕಿ ಕುದಿಯಲು ಇಟ್ಟೆ. ಎಲ್ಲ ಕಿಟಕಿ ತೆರೆದೆ. ವಾಸನೆಗೆ ಎರಡು ಸಲ ವಾಂತಿಯಾಯಿತು. ಬಾಯಿ ತೊಳೆದುಕೊಂಡು ಬಂದು ಮತ್ತೆ ಕೈಯಾಡಿಸಿದೆ.

ಬಾಗಿಲು ತಟ್ಟಿದ ಸಪ್ಪಳ. ಕೆಳಗಿನ ಮನೆಯ ಅಜ್ಜಿ! ನನ್ನ ಒಗ್ಗರಣೆಯ ಘಾಟಿಗೆ ಇಷ್ಟು ವರ್ಷ ಕೆಮ್ಮಿ ಕೆಮ್ಮಿ ಬೈದವಳು. ಇವತ್ತು ಮುಖ ಅರಳಿತ್ತು. ಮೂಗು ಏರಿಸಿ, "ಎಷ್ಟು ಒಳ್ಳೆಯ ವಾಸನೆ! ಅಂತೂ ನೀವೂ ಸರಿಯಾದ ಅಡುಗೆ ಕಲಿತಿರಿ" ಎಂದು ನನ್ನ ಬೆನ್ನು ತಟ್ಟಿ ಹೋದಳು. ನನ್ನ ಆಯುಷ್ಯದ ಅಡುಗೆಗೆ ಸಿಕ್ಕ ಹೊಗಳಿಕೆ ಅದೊಂದೇ!

ಬೋಗುಣಿಯನ್ನು ಮತ್ತೆ ಒಲೆಗೇರಿಸುವ ಮಾತಿರಲಿಲ್ಲ. ಇಲ್ಲಿಯವರು ಬೇಡವಾದ ಸಾಮಾನು ಇಡುವ ಹಾಗೆ ಬೀದಿಯ ಕಟ್ಟೆಯ ಮೇಲೆ ಇಟ್ಟು ಬಂದೆ. ಯಾರೋ ಒಯ್ದರು. ಎಲುಬುಗಳನ್ನು ಚಾಕುವಿನಿಂದ ಕೆರೆದು, ನೆಲಮಾಳಿಗೆಯ ಬಿಸಿನೀರಿನ ಕೊಳವೆಯ ಮೇಲೆ ಒಣಗಲು ಬಿಟ್ಟೆ. ಚೆನ್ನಾಗಿ ಒಣಗಿ ಬೆಳ್ಳಗಾದ ಮೇಲೆ ತುದಿ ಉಜ್ಜಿ ನುಣುಪು ಮಾಡಿದೆ. ಒಂದು ಗುರುವಾರ ಬೆಳಿಗ್ಗೆ ರೊಟ್ಟಿ ಪಲ್ಯದ ತಾಟಿನ ಪಕ್ಕ ಇಟ್ಟೆ.

ಕೈ ತಾಟಿನತ್ತ ಹೋದದ್ದು ಅಲ್ಲೇ ನಿಂತಿತು.

"ಇದೇನ ವೈನಿ?"

"ಎಲುಬು."

"ಯಾರದು?"

"ನಂದಲ್ಲ. ನನಗ ಇನ್ನೂ ಬೇಕಾಗ್ಯಾವು."

ನಗಲಿಲ್ಲ. ಎತ್ತಿಕೊಳ್ಳಲೂ ಇಲ್ಲ. "ಒಲಿ ಮ್ಯಾಲ ಕುದಿಸಿದೇನು? ನೀನು?"

"ಮತ್ಯಾರು, ನಿನ್ನ ಟಪಾಲಿನಂವ ಬಂದು ಕುದಿಸಿದನೇನು?"

"ಬಸವಣ್ಣಗ ಏನ ಹೇಳಿದಿ?"

"ಟವೆಲ್ ಹೊಚ್ಚಿದ್ದೆ. ಅಂವಗ ಗೊತ್ತಿಲ್ಲ. ನೀ ಹೇಳಾಕ ಹೋಗಬ್ಯಾಡ. ರೊಟ್ಟಿ ತಣ್ಣಗಾಗತಾವು, ತಿನ್ನು."

ತಿನ್ನಲಿಲ್ಲ. ಬೆರಳ ಸಂದಿಯಲ್ಲಿ ಎರಡನ್ನೂ ಸಿಗಿಸಿಕೊಂಡು ಮಣಿಕಟ್ಟು ತಿರುವಿದ. ಒಂದು ಹಾರಿ ಪಲ್ಯದಲ್ಲಿ ಬಿತ್ತು. ಬದನೆಕಾಯಿ ಪಲ್ಯದಲ್ಲಿ ಎತ್ತಿನ ಎಲುಬು! ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನಾನು ತಾಟು ಎತ್ತಿ, ಎಲುಬು ತೊಳೆದು, ಮತ್ತೆ ಅವನ ಕೈಗೆ ಕೊಟ್ಟೆ. ಆ ದಿನವೆಲ್ಲ ಬಾರಿಸಿದ. ಸಂಜೆಯ ಹೊತ್ತಿಗೆ ಹಾರುವುದು ನಿಂತಿತ್ತು. ಕೆಳಗಿನ ಅಜ್ಜಿ ಚಾವಣಿ ಬಡಿದಳು. ಆ ಸಪ್ಪಳ ಕೇಳಿ ನನಗೆ ಜೀವ ಬಂದ ಹಾಗಾಯಿತು.

ಸ್ಟಾಟ್‌ಬಾನ್ ಎಂಬ ಊರೊಳಗಿನ ರೈಲು ಹಿಡಿದು ಇಬ್ಬರೂ ಪಬ್ಬಿಗೆ ಹೋದೆವು. ಇಳಿಯುವಾಗ ನನ್ನ ಹೆಗಲು ಹಿಡಿದುಕೊಂಡ. ಪಬ್ಬಿನ ಮೂಲೆಯಲ್ಲಿ ಅವರು ಆಗಲೇ ದುಂಡಗೆ ಕೂತು ನುಡಿಸುತ್ತಿದ್ದರು. ಕುರ್ಚಿಯ ಮೇಲೆ ಬ್ಯಾಂಜೋದವನ ಕೋಟು ಹಾಯಾಗಿ ಕೂತಿತ್ತು. ಮೈದುನ ದೂರದಲ್ಲೇ ನಿಂತುಬಿಟ್ಟ. ಇನ್ನೇನು ತಿರುಗುತ್ತಾನೆ ಎನ್ನುವಾಗ ನಾನು ಹೋಗಿ ಆ ಕೋಟನ್ನು ಎತ್ತಿ ಬ್ಯಾಂಜೋದವನ ತೊಡೆಯ ಮೇಲೆ ಹಾಕಿದೆ. ಅವನು ಜರ್ಮನ್ನಿನಲ್ಲಿ ಏನೋ ಅಂದ. ನಾನು ಕನ್ನಡದಲ್ಲಿ ಏನೋ ಅಂದೆ. ಇಬ್ಬರಿಗೂ ಅರ್ಥವಾಯಿತು.

ಮೈದುನ ಕೂತ. ಯಾರೂ ಬಾ ಎನ್ನಲಿಲ್ಲ, ಯಾರೂ ಬೆನ್ನು ಚಪ್ಪರಿಸಲಿಲ್ಲ, ನುಡಿಸುವುದನ್ನು ನಿಲ್ಲಿಸಲಿಲ್ಲ. ಎರಡೂ ಕಡೆಯವರು ನುಡಿಸುತ್ತಲೇ ತಮ್ಮ ಕುರ್ಚಿ ತುಸು ಸರಿಸಿಕೊಂಡರು, ಅಷ್ಟೇ. ಒಂದು ಸುತ್ತು ಸುಮ್ಮನಿದ್ದ. ಎರಡನೆಯದಕ್ಕೆ ಕೈ ಎತ್ತಿದ, ತಾಳ ತಪ್ಪಿತು, ಕಿವಿ ಕೆಂಪಾಯಿತು, ನಿಲ್ಲಿಸಿದ. ಹಲ್ಲಿನ ಡಾಕ್ಟರು ಈ ಕಡೆ ನೋಡಲೇ ಇಲ್ಲ. ಮಟ್ಟು ಮತ್ತೊಂದಕ್ಕೆ ಹೊರಳಿತು. ಆಗ ಮೆಲ್ಲಗೆ, ದೂರದಲ್ಲಿ ಯಾರದೋ ಮನೆಯ ಕದ ತಟ್ಟಿದ ಹಾಗೆ, ಟಕಟಕ ಎಂದು ಶುರುವಾಯಿತು. ನಿಲ್ಲಲಿಲ್ಲ.

ಪಿಟೀಲಿಗೆ ಇದು ಸಮವೇ? ಎಲ್ಲಿಯ ಮಾತು! ಎತ್ತು ಸತ್ತವನ ಕೈಗೆ ಗೆಜ್ಜೆ ಸಿಕ್ಕ ಹಾಗೆ. ಬಾರಿಸುತ್ತಿದ್ದಷ್ಟು ಹೊತ್ತೂ ಅವನ ಕಣ್ಣು ಪಕ್ಕದವನ ಪಿಟೀಲಿನ ಮೇಲೆ ಓಡುವ ಬೆರಳುಗಳ ಮೇಲೆಯೇ ಇತ್ತು. ಅವನ ಎಡಗೈ ತೊಡೆಯ ಮೇಲೆ ಯಾರೋ ಮರೆತುಹೋದ ಸಾಮಾನಿನ ಹಾಗೆ ಬಿದ್ದಿತ್ತು. ನಾನು ಹೊರಗೆ, ನುಡಿಸದವರ ಜಾಗದಲ್ಲಿ, ಕ್ಯಾಮೊಮೈಲ್ ಚಹಾ ಮುಂದಿಟ್ಟುಕೊಂಡು ಕೂತಿದ್ದೆ. ಹೊಟ್ಟೆ ನೋವೇ ಎಂದು ಹುಡುಗಿ ಕೇಳಿದಳು. ಹೌದು ಎಂದೆ.

ಮುಗಿದ ಮೇಲೆ ಎಲುಬುಗಳನ್ನು ಜೇಬಿಗಿಳಿಸಿ, ಕೋಟು ತೊಟ್ಟು ಬಾಗಿಲ ಬಳಿ ನಿಂತ. ಹೊರಗೆ ಕೊಯ್ಯುವ ಗಾಳಿ. ಎಲುಬು ಬಾರಿಸಲು ಒಂದು ಕೈ ಸಾಕು, ಗುಂಡಿ ಹಾಕಲು ಸಾಲದು. ಬಾಯಿಬಿಟ್ಟು ಕೇಳುವವನಲ್ಲ ಅವನು. ನಾನು ಎದುರಿಗೆ ಹೋಗಿ ನಿಂತು, ಅಷ್ಟು ಜನರ ಮುಂದೆ, ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ಬಂದೆ. ಕೊನೆಯದು ಕೊರಳ ಹತ್ತಿರದ್ದು.

"ತಲಿ ಎತ್ತು" ಎಂದೆ.

ಎತ್ತಿದ.